ಓದದೇ ಬರೆದ ಮುನ್ನುಡಿ

ಬೆಳಿಗ್ಗೆ ಹಲ್ಲುಜ್ಜುವಾಗ ಬಂದ ಫೋನನ್ನು ಶ್ರೀಕೃಷ್ಣ ಮೇಷ್ಟ್ರು ಎತ್ತಬಾರದಿತ್ತು. ಎತ್ತಿದರು.

"ಸಾರ್, ನಾನು ಸೊರಬದಿಂದ ದೇವರಾಜ. ಕತೆ ಬರೀತಾರಲ್ಲ ರಮಾಬಾಯಿ, ಅವ್ರ ಯಜಮಾನ. ನೀವು ನಮ್ಮನೆಯವ್ರ ಪುಸ್ತಕಕ್ಕೆ ಬರ್ದ ಮುನ್ನುಡಿ ಓದಿದೆ. ಇವತ್ತು ಬಿಡುಗಡೆಗೆ ಬರ್ತೀರಲ್ಲ? ಎಲ್ಲರ ಮುಂದೇ ನಿಮ್ಮನ್ನ ಒಂದು ಮಾತು ಕೇಳೋದೈತಿ."

ಯಾವ ಮಾತು ಎಂದು ಕೇಳುವಷ್ಟರಲ್ಲಿ ಫೋನ್ ಕಟ್ಟಾಯಿತು. ಮೇಷ್ಟ್ರು ಗಾಬರಿಯಲ್ಲಿ ಬಾಯೊಳಗಿನ ನೊರೆಯನ್ನು ನುಂಗಿಬಿಟ್ಟರು.

ಗಾಬರಿಗೆ ಕಾರಣವಿತ್ತು. ಶಿಕಾರಿಪುರದ ಕಾಲೇಜಿನಲ್ಲಿ ಕನ್ನಡ ಕಲಿಸುವ ಮೇಷ್ಟ್ರು ಸುತ್ತಲಿನ ಬರಹಗಾರರ ಪಾಲಿಗೆ ಮುನ್ನುಡಿಯ ಕಾಮಧೇನು. ಆದರೆ ಮುನ್ನುಡಿಗೆ ಮೊದಲು ಪುಸ್ತಕ ಓದುವ ದುರಭ್ಯಾಸ ಅವರಿಗಿರಲಿಲ್ಲ. ಎಂ.ಎ. ಓದುವಾಗ ಅಸ್ತಿತ್ವವಾದದ ಮೇಲೆ ಒಂದು ಪ್ರಬಂಧ ಬರೆದಿದ್ದರು. ಅಲ್ಲಿಂದೀಚೆಗೆ ಯಾರು ಏನೇ ಬರೆದರೂ ಅವರಿಗೆ ಅದರಲ್ಲಿ ಅಸ್ತಿತ್ವವಾದವೇ ಕಾಣುತ್ತಿತ್ತು. ಜೇನು ಸಾಕಣೆಯ ಪುಸ್ತಕವೊಂದಕ್ಕೆ ಮುನ್ನುಡಿ ಬರೆದಾಗ ರಾಣಿಜೇನಿನ ಅನಾಥಪ್ರಜ್ಞೆಯನ್ನು ಎತ್ತಿ ತೋರಿಸಿ ಭೇಷ್ ಅನ್ನಿಸಿಕೊಂಡಿದ್ದರು.

ನಿವೃತ್ತ ಶಿಕ್ಷಕಿ ರಮಾಬಾಯಿ ಕಳಿಸಿದ ಕಥಾಸಂಕಲನದ ಹೆಸರು 'ಹಿತ್ತಲ ಚಿಲಕ'. ಹೆಸರು ನೋಡಿದ್ದೇ ತಡ, ಮೇಷ್ಟ್ರಿಗೆ ಇಡೀ ಪುಸ್ತಕ ಹೊಳೆದುಹೋಯಿತು. 'ಶೀರ್ಷಿಕೆ ಕತೆಯ ನಾಯಕಿ ಗಂಡನ ಮನೆಯೆಂಬ ಸುಳ್ಳನ್ನು ಧಿಕ್ಕರಿಸಿ, ಚಿಲಕ ತೆಗೆದು, ತನ್ನ ಬದುಕನ್ನು ತಾನೇ ಆಯ್ದುಕೊಂಡು ಹೊರಟುಬಿಡುತ್ತಾಳೆ. ಆ ಆಯ್ಕೆಯ ಕ್ಷಣವೇ ಅವಳ ನಿಜವಾದ ಹುಟ್ಟು' ಎಂದು ಬರೆದು ಕಳಿಸಿದ್ದರು.

ಈಗ ಗಂಡನೇ ಫೋನ್ ಮಾಡಿದ್ದಾನೆ. ನಾಯಕಿ ಹೊರಟಳೋ ಇಲ್ಲವೋ? ಅಸಲಿಗೆ ಆ ಕತೆಯಲ್ಲಿ ಗಂಡನಾದರೂ ಇದ್ದಾನೋ? ಓದಿಲ್ಲವೆಂಬುದು ಬಯಲಾದರೆ ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ವಿಮರ್ಶಕನೆಂಬ ಹೆಸರು ಒಂದೇ ಮಧ್ಯಾಹ್ನದಲ್ಲಿ ಮಣ್ಣುಪಾಲು.

"ಮೂಕಾಂಬಿಕಾ, ಆ ರಮಾಬಾಯಿಯವರ ಹಸ್ತಪ್ರತಿ ಎಲ್ಲಿಟ್ಟೆ?"

ಮೇಷ್ಟ್ರ ಕೈಬರಹವನ್ನು ಮೊಬೈಲಿನಲ್ಲಿ ಟೈಪ್ ಮಾಡಿ ಕಳಿಸುವ ಕೆಲಸ ಹೆಂಡತಿಯದು. "ವಾಪಸ್ ಕಳಿಸ್ದೆನಲ್ರೀ. ನೀವು ಓದಿ ಆಗಿತ್ತಲ್ಲ. ಯಾಕೆ?"

"ಏನಿಲ್ಲ, ಇನ್ನೊಂದ್ಸಲ ಸವಿಯೋಣ ಅಂತ."

"ನಾನೂ ಬರ್ತೀನಿ ಇವತ್ತು. ರಮಕ್ಕ ಕರ್ದಿದಾರೆ."

"ಅವ್ರು ನಿಂಗೆ ಹೇಗೆ ಪರಿಚಯ?"

"ಟೈಪ್ ಮಾಡುವಾಗ ಏನೋ ಕೇಳೋಕೆ ಫೋನ್ ಮಾಡಿದ್ದೆ. ಈಗ ದಿನಾ ಮಾತಾಡ್ತೀವಿ."

ಇನ್ನಷ್ಟು ಕೇಳುವ ಸ್ಥಿತಿಯಲ್ಲಿ ಮೇಷ್ಟ್ರು ಇರಲಿಲ್ಲ.

ಬಸ್ಸಿನಲ್ಲಿ ಅದೇ ಕಾಲೇಜಿನ ಇತಿಹಾಸದ ಮೇಷ್ಟ್ರು ಗೋಪಾಲಪ್ಪ ಪಕ್ಕಕ್ಕೇ ಬಂದು ಕೂತರು. ಮಹಿಳೆಯರ ಸೀಟಿನಲ್ಲಿದ್ದ ಹೆಂಡತಿಗೆ ಕೇಳಿಸದ ಹಾಗೆ ಶ್ರೀಕೃಷ್ಣರು ಫೋನಿನ ವಿಷಯ ಹೇಳಿದರು.

"ದೇವರಾಜನಾ? ಹರೇದಾಗ ಕಬಡ್ಡಿ ಆಡ್ತಿದ್ದ ನೋಡ್ರಿ. ಹಿಡಿದ ಅಂದ್ರೆ ಬಿಡೋ ಆಸಾಮಿ ಅಲ್ಲ. ಅವ್ನ ಮನೆ ಸುದ್ದಿ ನಿಮಗ್ಯಾಕ್ರಿ ಬೇಕಿತ್ತು?"

"ಅದು ಕತೆ ಕಣ್ರೀ, ಮನೆ ಸುದ್ದಿ ಅಲ್ಲ!"

"ಹಂಗಂತ ಅವನಿಗೇ ಹೇಳ್ರಿ. ನಾ ಮಾತ್ರ ಬಾಗಿಲ ಹತ್ರ ಕೂರ್ತೀನಿ."

ಹಿಂದಿನ ಸೀಟಿನವರೊಬ್ಬರು ಜ್ವರವೆಂದು ಹೇಳಿ ಇಲ್ಲೇ ಇಳಿದುಬಿಡಿ ಎಂದರು. ಕಂಡಕ್ಟರ್ ಮೊದಲೇ ಕಾಲಿಗೆ ಬೀಳುವುದು ಒಳ್ಳೆಯದೆಂದ. ಆತಂಕವೇ ಮನುಷ್ಯನ ಮೂಲಸ್ಥಿತಿ ಎಂದು ಮೇಷ್ಟ್ರು ವರ್ಷಾನುಗಟ್ಟಲೆ ಪಾಠ ಮಾಡಿದ್ದರು. ಅದು ಹೊಟ್ಟೆಯ ಎಡಭಾಗದಲ್ಲಿರುತ್ತದೆಂದು ಅವರಿಗೆ ಗೊತ್ತಾದದ್ದು ಅಂದೇ.

ಸೊರಬದ ಸಭಾಂಗಣದಲ್ಲಿ ಪುಸ್ತಕಗಳನ್ನು ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ ಇಟ್ಟಿದ್ದರು. ಮೇಷ್ಟ್ರು ಮೆಲ್ಲಗೆ ಒಂದು ಕಟ್ಟಿಗೆ ಕೈ ಹಾಕಿದರು. ಸಂಘಟಕ ಲೋಕೇಶ ಓಡಿ ಬಂದು ಕಿತ್ತುಕೊಂಡ.

"ಈಗ್ಲೇ ಬಿಚ್ಚಿದ್ರೆ ಮತ್ತೆ ವೇದಿಕೆ ಮೇಲೆ ಬಿಚ್ಚೋದೇನು ಸಾರ್?"

ಬಿಡುಗಡೆಯಾಯಿತು. ಓದಲು ಪುರುಸೊತ್ತು ಕೊಡದೆ ಮೇಷ್ಟ್ರ ಕೈಗೆ ಮೈಕು ಕೊಟ್ಟರು. ಮುಂದಿನ ಸಾಲಿನಲ್ಲೇ ದೇವರಾಜ ಕೂತಿದ್ದರು. ಮೇಷ್ಟ್ರು ಪರಕೀಯತೆಯ ಸುತ್ತ ಒಂದು ಸುತ್ತು, ಅಸಂಗತದ ಸುತ್ತ ಒಂದು ಸುತ್ತು ಹಾಕಿ, ಪುಸ್ತಕಕ್ಕೆ ಎಲ್ಲೂ ತಾಗದಂತೆ ಮಾತು ಮುಗಿಸುವ ಹೊತ್ತಿಗೆ ದೇವರಾಜ ಎದ್ದು ನಿಂತರು.

"ಸಾರ್, ಪುಸ್ತಕ ಎರಡೆರಡು ಸಲ ಓದಿದೆ. ಆಯಮ್ಮ ಚಿಲಕ ತೆಗೀತಾಳೆ, ಹೊರಗೆ ನಿಂತ ಕರು ಒಳಗೆ ಕರ್ಕಂತಾಳೆ, ಮತ್ತೆ ಚಿಲಕ ಹಾಕ್ತಾಳೆ. ಮನೆ ಬಿಟ್ಟು ಹೋಗೋದು ಯಾವ ಪುಟದಾಗೈತ್ರೀ?"

ಗೋಪಾಲಪ್ಪನವರು ಬಾಗಿಲ ಬಳಿ ಚಪ್ಪಲಿ ಹುಡುಕತೊಡಗಿದರು.

"ಅದು... ಸಾಲುಗಳ ನಡುವೆ..."

"ಸಾಲುಗಳ ನಡುವೆ ಖಾಲಿ ಐತ್ರೀ. ಕನ್ನಡಕ ಹಾಕ್ಕಂಡೇ ನೋಡಿದೀನಿ."

ಓದಿಲ್ಲ ಎಂಬ ಮಾತು ಮೇಷ್ಟ್ರ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ರಮಾಬಾಯಿ ಎದ್ದರು.

"ಸಾರ್ ಬರ್ದಿದ್ದೇ ಸರಿ. ಅವಳಿಗೆ ಹೋಗೋ ಆಸೆ ಇತ್ತು, ಕಳಿಸೋ ಧೈರ್ಯ ನನಗಿರ್ಲಿಲ್ಲ. ಮುನ್ನುಡಿ ಓದಿದ್ಮೇಲೆ ಬಂತು."

ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರು ಬದುಕಿದೆಯಾ ಬಡಜೀವವೇ ಎಂದು ಬೆವರು ಒರೆಸಿಕೊಂಡರು.

"ಅದಕ್ಕೇ," ರಮಾಬಾಯಿ ಮುಂದುವರಿಸಿದರು, "ಸಭೆ ಮುಗಿದ್ಮೇಲೆ ನಾನು ಹೊರಡ್ತೀನಿ. ಬಸ್ಸು ಹೋದ ಕಡೆಗೆಲ್ಲ ಹೋಗಿ, ಸಾಕು ಅನ್ನಿಸಿದ ದಿನ ಬರ್ತೀನಿ. ಹೆಂಗಸರಿಗೆ ಟಿಕೆಟ್ ಹೆಂಗೂ ಫ್ರೀ."

ದೇವರಾಜ ವೇದಿಕೆಯ ಹತ್ತಿರ ಬಂದರು. ಕಬಡ್ಡಿಯ ಗತ್ತೆಲ್ಲ ಇಳಿದುಹೋಗಿತ್ತು. "ನಾ ಕೇಳ್ಬೇಕಂತಿದ್ದಿದ್ದು ಇದೇ ಸಾರ್. ಮುನ್ನುಡಿ ಬಂದಾಗಿಂದ ಇವಳ್ದು ಇದೇ ಮಾತು. ಇವಳಿಲ್ಲದ ಮನೇಲಿ ನಂಗೆ ಹೊತ್ತು ಹೋಗಲ್ಲ. ನೀವು ಬರ್ದಿದ್ದು ತಪ್ಪು ಅಂತ ಒಂದು ಮಾತು ಅಂದ್ಬಿಡ್ರಿ, ಉಳ್ಕಂತಾಳೆ."

ಮೇಷ್ಟ್ರ ಜೀವಮಾನದಲ್ಲಿ ಮೊದಲ ಸಲ ಆಯ್ಕೆಯ ಕ್ಷಣ ನಿಜವಾಗಿ ಎದುರು ನಿಂತಿತ್ತು. ಒಂದು ಕಡೆ ಆ ಮನುಷ್ಯನ ತುಂಬಿದ ಕಣ್ಣು, ಇನ್ನೊಂದು ಕಡೆ ತಮ್ಮ ಹೆಸರು. ಪಾಪ ಅನ್ನಿಸಿತು. ಆದರೂ ಹೆಸರನ್ನೇ ಆರಿಸಿಕೊಂಡರು.

"ಮುನ್ನುಡಿಯ ಒಂದಕ್ಷರವೂ ತಪ್ಪಿಲ್ಲ. ನಂಬಿಯೇ ಬರೆದಿದ್ದೇನೆ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಮೂಕಾಂಬಿಕಾ. ಎದ್ದು ವೇದಿಕೆಗೇ ಬಂದು ಗಂಡನ ಕೈಗೆ ಮನೆಯ ಕೀ ಕೊಟ್ಟರು.

"ಟೈಪ್ ಮಾಡಿದಾಗಿಂದ ಯೋಚಿಸ್ತಿದ್ದೆ ಕಣ್ರೀ. ನೀವು ನಂಬಿ ಬರ್ದಿದ್ದೋ, ಸುಮ್ನೆ ಬರ್ದಿದ್ದೋ ಅಂತ ಒಂದು ಅನುಮಾನ ಇತ್ತು, ಅದಕ್ಕೇ ತಡೆದಿದ್ದೆ. ಈಗ ಹೋಯ್ತು. ನಾನೂ ರಮಕ್ಕನ ಜೊತೆ ಹೊರಟೆ."

ಬಾಯಿ ತೆರೆದರೆ ಹೆಸರು ಹೋಗುತ್ತದೆ, ತೆರೆಯದಿದ್ದರೆ ಹೆಂಡತಿ ಹೋಗುತ್ತಾಳೆ. ಮೇಷ್ಟ್ರು ಯೋಚಿಸುತ್ತಾ ನಿಂತಿದ್ದಾಗಲೇ ಹೆಂಗಸರಿಬ್ಬರೂ ಬಸ್ ಸ್ಟ್ಯಾಂಡ್ ತಲುಪಿದ್ದರು.

ಬಸ್ಸು ಹೊರಟ ಮೇಲೆ ಅದರ ಧೂಳಿನಲ್ಲಿ ಇಬ್ಬರು ಗಂಡಂದಿರು ಉಳಿದರು. ಕನ್ನಡಕದ ಧೂಳು ಒರೆಸುತ್ತಾ ದೇವರಾಜ ಕೇಳಿದರು.

"ಅನ್ನ ಮಾಡೋಕೆ ಬರ್ತದಾ ಸಾರ್ ನಿಮ್ಗೆ?"

"ಇಲ್ಲ," ಎಂದರು ಮೇಷ್ಟ್ರು ಆಸೆಯಿಂದ. "ನಿಮಗೆ?"

"ನಂಗೆ ಅನ್ನ, ಸಾರು, ರೊಟ್ಟಿ ಎಲ್ಲ ಬರ್ತೈತಿ. ಆದ್ರೆ ನಿಮ್ಗೆ ಬಡಿಸಲ್ಲ," ಎಂದು ದೇವರಾಜ ಮನೆಯ ಕಡೆ ಹೊರಟರು.