ಬೀಗರಿಗೆ ಎರಡು ಕೈ ಶರಣು

ಸರಿಯಾಗಿರುವುದೇ ನನ್ನ ದೊಡ್ಡ ದೋಷ ಎಂದು ನನಗೆ ಗೊತ್ತಾದದ್ದು ಐವತ್ತು ದಾಟಿದ ಮೇಲೆ. ಉಮರ್ಗಾದಲ್ಲಿ ನನ್ನದು ಬಟ್ಟೆ ಅಂಗಡಿ. ಗಿರಾಕಿ ಹಸಿರು ಸೀರೆಯನ್ನು ನೀಲಿ ಎಂದರೂ "ಹೌದ್ರಿ, ಹೌದ್ರಿ" ಎಂದು ತಲೆಯಾಡಿಸುವವನು ನಾನು. ಹೀಗೆ ವರ್ಷಗಟ್ಟಲೆ ನುಂಗಿಕೊಂಡ ಸತ್ಯವೆಲ್ಲ ಕಾರು ಕಲಿತ ಮೇಲೆ ಹೊರಗೆ ಬರತೊಡಗಿತು. ರಸ್ತೆಯ ಎಡಭಾಗ ನನ್ನದು, ಅಲ್ಲಿ ಎದುರಿನಿಂದ ಯಾರು ನುಗ್ಗಿದರೂ ತಪ್ಪು ಅವರದು, ನಾನೇಕೆ ಸರಿಯಲಿ?

ನಮ್ಮ ಕಡೆ ಈ ಹಟ ನಡೆಯುವುದಿಲ್ಲ. ಸುಗ್ಗಿಯಲ್ಲಿ ಅರ್ಧ ರಸ್ತೆ ಗಾಡಿಗಳದ್ದು, ಇನ್ನರ್ಧ ಒಣಗಲು ಹರಡಿದ ಸೋಯಾಬೀನಿನದು. ಕಾಳು ತುಳಿದರೆ ರೈತನ ಬೈಗುಳ ತಿನ್ನಬೇಕೆಂದು ಎದುರಿನವನು ನನ್ನ ಪಾಲಿಗೇ ಬರುತ್ತಾನೆ. ಶೇರ್ ಆಟೋದವನಂತೂ ತನ್ನ ಸೀಟಿನಲ್ಲಿ ಇಬ್ಬರನ್ನು ಕೂರಿಸಿಕೊಂಡು ತಾನು ಅರ್ಧ ಹೊರಗಿರುತ್ತಾನೆ. ಆಟೋ ಅವನ ಕಡೆ, ಮೊಣಕಾಲು ನನ್ನ ಕಡೆ!

ಹೋದ ಸುಗ್ಗಿಯಲ್ಲಿ ಬಸುರಿ ಮಗಳನ್ನು ನೋಡಲು ನಾನೂ ಹೆಂಡತಿ ಶರಣಮ್ಮನೂ ಅವಳ ಗಂಡನ ಊರಾದ ದಾಳಿಂಬಕ್ಕೆ ಹೊರಟಿದ್ದೆವು. ಸೋಯಾಬೀನು ತಪ್ಪಿಸಲು ಟೆಂಪೊ ಒಂದು ನೇರ ನಮ್ಮ ಮೇಲೆಯೇ ಬಂತು. ನಾನು ಹಾರ್ನ್ ಹೊಡೆದೆ, ಲೈಟು ಮಿಣುಕಿಸಿದೆ, ಬ್ರೇಕು ಮಾತ್ರ ಮುಟ್ಟಲಿಲ್ಲ. ಕೊನೆಗೆ ಶರಣಮ್ಮ ಚೀರಿದ್ದಕ್ಕೆ ಒತ್ತಿದೆ. ಎರಡೂ ಗಾಡಿ ಮಾರು ದೂರದಲ್ಲಿ ನಿಂತವು.

"ತಪ್ಪು ಅಂವಂದ ಅದ!" ಎಂದೆ.

"ತಪ್ಪು ಅಂವಂದ ಇರಲಿ ರೀ, ಬ್ರೇಕ್ ನಿಮ್ದಲ್ಲೇನು?" ಎಂದಳು. "ಇನ್ನೊಮ್ಮಿ ಹಿಂಗ ಮಾಡಿದ್ರ ನಾ ಎಸ್ಟಿ ಬಸ್ ಹತ್ತಿ ಹೋಗ್ತೀನಿ. ಮಗಳ ಬಾಣಂತನ ಮಾಡ್ಲಿಕ್ಕೆ ನಾ ಜೀವಂತ ಇರಬೇಕು."

ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಅಲ್ಲಿಂದ ಮುಂದೆ ಯಾರು ಅಡ್ಡ ಬಂದರೂ ವೇಗ ಇಳಿಸಿ, ಎಡಕ್ಕೆ ಸರಿದು, ಹೋಗಲಿ ಬಿಡು ಎಂದು ದಾರಿ ಕೊಟ್ಟೆ. ದಾಳಿಂಬ ಹತ್ತಿರವಾದಾಗ ಎದುರಿಗೆ ಮೋಟಾರ್ ಸೈಕಲ್ ಮೇಲೆ ಬಂದರು ಮಗಳ ಮಾವ, ಅಂದರೆ ನಮ್ಮ ಬೀಗರು.

ಬೀಗರಿಗೆ ಒಂದೇ ಕೈ ಎತ್ತುವುದುಂಟೆ? ಅದು ಮುಂದಿನ ಹತ್ತು ಮದುವೆಗಳಲ್ಲಿ ಚರ್ಚೆಗೆ ಬರುವ ವಿಷಯ. ಎರಡೂ ಕೈ ಜೋಡಿಸಿ "ಶರಣು ಶರಣಾರ್ಥಿ" ಎಂದೆ. ಅಷ್ಟರಲ್ಲಿ ಕಾರು ತನ್ನಷ್ಟಕ್ಕೆ ಬಲಕ್ಕೆ, ಬೀಗರ ಪಾಲಿನ ರಸ್ತೆಗೆ ಹೊರಟಿತ್ತು. ಅವರು ಗಾಬರಿಯಾಗಲಿಲ್ಲ. ವೇಗ ಇಳಿಸಿ, ಮಣ್ಣಿನ ಅಂಚಿಗಿಳಿದು, ಎಂಜಿನ್ ಆರಿಸಿ, ಕಾಲೂರಿ ನಿಂತ ಮೇಲೆಯೇ ಕೈ ಮುಗಿದರು. ನಾನು ಅವರ ಬದಿಯಲ್ಲೇ ಬ್ರೇಕು ಒತ್ತಿ ನಿಂತಿದ್ದೆ.

"ಶರಣ್ರೀ ಸಾವಕಾರ. ಮೊದಲ ಗಾಡಿ ನಿಂದರಸ್ರಿ, ಆಮ್ಯಾಲ ಮರ್ಯಾದಿ," ಎಂದರು. ಶರಣಮ್ಮ ಎಸ್ಟಿ ಎಷ್ಟು ಗಂಟೆಗಿದೆ ಎಂದು ಅವರನ್ನೇ ಕೇಳಿದಳು.

ಕೊನೆಗೊಂದು ಒಪ್ಪಂದವಾಯಿತು. ಈಗ ಪರಿಚಯದವರು ಎದುರು ಬಂದರೆ ನಮ್ಮಿಬ್ಬರ ಪರವಾಗಿ ಅವಳೇ ಕೈ ಮುಗಿಯುತ್ತಾಳೆ. ನನ್ನ ಕೈ ಸ್ಟೀರಿಂಗ್ ಬಿಡುವಂತಿಲ್ಲ. ಯಾರಾದರೂ ನನ್ನ ಪಾಲಿಗೆ ನುಗ್ಗಿದರೆ, ಪಾಪ, ನನ್ನ ಹಿಂದೆ ಅವನ ಬೀಗರು ಬರುತ್ತಿರಬೇಕು ಎಂದು ಸರಿದುಬಿಡುತ್ತೇನೆ.

ಆದರೆ ಊರಲ್ಲಿ ಬೇರೆ ಸುದ್ದಿ ಹಬ್ಬಿದೆ. ಮೊನ್ನೆ ಗಿರಾಕಿಯೊಬ್ಬರು ಮುಖಕ್ಕೇ ಹೇಳಿದರು: "ಕಾರ್ ಬಂದ ಮ್ಯಾಲ ನಿಮಗ ಸೊಕ್ಕು ಬಂದದ ಸಾವಕಾರ, ಕೈ ಸುದ್ದಾ ಎತ್ತಂಗಿಲ್ಲ."

ನಾನು ಥಾನಿನ ಬಟ್ಟೆ ಅಳೆಯುತ್ತಾ ಹೇಳಿದೆ: "ಹೌದ್ರಿ, ಹೌದ್ರಿ."