ಹರಿಹರದಲ್ಲಿಟ್ಟ ಸಂಬಳ

ನಮ್ಮ ಸೋದರಮಾವ ದುಡ್ಡಿಗೆ ಹೆದರುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ದುಡ್ಡಿಲ್ಲವೆಂದು ಹೆದರುವವರು ದಾವಣಗೆರೆಯ ಓಣಿಗೊಬ್ಬರಂತೆ ಸಿಗುತ್ತಿದ್ದರು. ದುಡ್ಡಿದೆಯೆಂದು ಹೆದರುವವರು ಇವರೊಬ್ಬರೇ! ಸರ್ಕಾರಿ ಪ್ರೈಮರಿ ಶಾಲೆಯ ಮೇಷ್ಟರು. ಸಂಬಳ ಕೈಗೆ ಬಂದೊಡನೆ ಚೇಳು ಹಿಡಿದವರಂತೆ ಒದ್ದಾಡಿ, ಮನೆಖರ್ಚಿಗೆ ಬೇಕಾದಷ್ಟನ್ನು ಅತ್ತೆಯ ಕೈಗಿಟ್ಟು, ಉಳಿದದ್ದನ್ನು ರೈಲಿನಲ್ಲಿ ಹರಿಹರಕ್ಕೆ ಒಯ್ದು ಅಲ್ಲಿಯ ಅಂಚೆ ಕಚೇರಿಯಲ್ಲಿ ಕಟ್ಟಿ ಬರುತ್ತಿದ್ದರು.

ದಾವಣಗೆರೆಯಲ್ಲಿ ಅಂಚೆ ಕಚೇರಿ ಇರಲಿಲ್ಲವೇ? ಇತ್ತು. ಮನೆಯ ಹತ್ತಿರವೇ ಇತ್ತು. ಅದೇ ತೊಂದರೆ!

"ಹತ್ರ ಇದ್ರೆ ಕೈ ಸುಮ್ನಿರಲ್ಲೋ ತಮ್ಮಾ," ಎನ್ನುತ್ತಿದ್ದರು. "ಬೆಣ್ಣೆ ದೋಸಿ ವಾಸನಿ ಬಂತು ಅಂದ್ರೆ ಹೋಗಿ ತಗದುಬಿಡ್ತೀನಿ. ಹರಿಹರಕ್ಕ ಹೋಗ್ಬೇಕಂದ್ರೆ ರೈಲು ಕಾಯ್ಬೇಕು. ಅಷ್ಟೊತ್ತಿಗೆ ಆಸೆ ತಣ್ಣಗಾಗ್ತೈತೆ."

ಸಾಲ ಕೇಳಲು ಬಂದವರಿಗೂ ಇದೇ ಉತ್ತರ. "ಐತ್ರಿ, ಇಲ್ಲ ಅಂತ ಸುಳ್ಳು ಹೇಳಲ್ಲ. ಆದ್ರೆ ಹರಿಹರದಾಗ ಐತೆ!" ಬಂದವರು ಹರಿಹರವನ್ನು ಮನಸ್ಸಿನಲ್ಲೇ ಬೈದುಕೊಂಡು, ಚಹಾ ಕುಡಿದು ಎದ್ದು ಹೋಗುತ್ತಿದ್ದರು.

ನನಗೂ ಅದೇ ಊರಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಅವರ ಮನೆಯಲ್ಲೇ ಉಳಿದೆ. ಮೊದಲ ಸಂಬಳದಲ್ಲಿ ಕೊಳ್ಳಬೇಕೆಂದು ಒಂದು ಕೈಗಡಿಯಾರ ನೋಡಿಟ್ಟಿದ್ದೆ. ಸಂಬಳದ ದಿನ ಶಾಲೆಯ ಬಾಗಿಲಲ್ಲಿ ಯಾರು? ಮಾವ!

"ಮಿಲ್ಲಿನ ಕೂಗು ದಿನಾ ಕೇಳ್ತೈತಲ್ಲ, ಗಡಿಯಾರ ಯಾಕ? ನಡಿ ಹರಿಹರಕ್ಕ."

ಗಡಿಯಾರದ ಬದಲು ನನಗೆ ಸಿಕ್ಕಿದ್ದು ಒಂದು ಪಾಸ್ ಬುಕ್ಕು. ಅದನ್ನು ಮಣಿಕಟ್ಟಿಗೆ ಕಟ್ಟಿಕೊಂಡು ತಿರುಗಲಾಗುತ್ತದೆಯೇ?

ಈ ಹಟಕ್ಕೆ ಕಾರಣವಿತ್ತು. ಅವರ ಜೊತೆ ಕೆಲಸ ಮಾಡುತ್ತಿದ್ದ ಮೇಷ್ಟರೊಬ್ಬರು ಇದ್ದಕ್ಕಿದ್ದಂತೆ ತೀರಿಕೊಂಡಿದ್ದರು. ಓದುಬರಹ ಬಾರದ ಅವರ ಹೆಂಡತಿ, ಮೈದುನ ಚಾಚಿದ ಕಾಗದಕ್ಕೆಲ್ಲ ಹೆಬ್ಬೆಟ್ಟು ಒತ್ತಿ ಇದ್ದದ್ದನ್ನೂ ಕಳೆದುಕೊಂಡರು. ನಮ್ಮ ಅತ್ತೆಗೂ ಅಕ್ಷರ ಬರುತ್ತಿರಲಿಲ್ಲ. ಅದನ್ನೆಲ್ಲ ಕಂಡ ಮಾವ ಪಣ ತೊಟ್ಟರು. ಅತ್ತೆಗೆಂದು ದುಡ್ಡು ಕೂಡಿಡಬೇಕು, ತಾವು ರಿಟೈರಾಗುವುದರೊಳಗೆ ಖಾತೆಗೆ ಅತ್ತೆಯ ಹೆಸರು ಸೇರಬೇಕು. ಅತ್ತೆ ತಾವೇ ಓದಿ ನೋಡಿ ಸಹಿ ಹಾಕಬೇಕು. ಹೆಬ್ಬೆಟ್ಟು ಮಾತ್ರ ಕೂಡದು!

ಆಮೇಲೆ ಆ ಮನೆಯ ಅಡುಗೆ ಸಾಮಾನಿಗೆ ಉಳಿಗಾಲವಿರಲಿಲ್ಲ. ರೊಟ್ಟಿ ಹಿಟ್ಟಿನ ಮೇಲೆ ಅಕ್ಷರ, ಹಿತ್ತಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಅತ್ತೆಯ ಹೆಸರು. ಬಡ್ಡಿ ಲೆಕ್ಕ ಕಲಿಸಲು ಮಂಡಕ್ಕಿ ಗುಡ್ಡೆ ಹಾಕಿದರೆ, ಅತ್ತೆ ಅಸಲು ಬಡ್ಡಿ ಎರಡನ್ನೂ ಬಾಯಿಗೆ ಹಾಕಿಕೊಂಡರು! ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದ ಮೇಷ್ಟರಿಗೆ ಮನೆಯ ಶಿಷ್ಯೆ ಒಲಿಯಲೇ ಇಲ್ಲ. "ನನ್ನ ತಲಿಗೆ ಹತ್ತಲ್ಲ, ಬಿಡ್ರಿ" ಎಂಬುದೊಂದೇ ಪಾಠವನ್ನು ವರ್ಷಗಟ್ಟಲೆ ಒಪ್ಪಿಸಿದರು. ಮಾವನೂ ಬಿಡಲಿಲ್ಲ.

ರಿಟೈರಾಗುವ ತಿಂಗಳು ಬಂದೇಬಿಟ್ಟಿತು. ಮಾವ ಅತ್ತೆಯನ್ನು ಹರಿಹರಕ್ಕೆ ಹೊರಡಿಸಿದರು, ಜೊತೆಗೆ ನಾನು. ಅಂಚೆ ಕಚೇರಿಯಲ್ಲಿ ಮಾವ ಕೈಯಾರೆ ಫಾರಂ ತುಂಬಿ ಅತ್ತೆಯ ಮುಂದಿಟ್ಟರು. ಅತ್ತೆ ಅದರ ಮೇಲೆ ಕಣ್ಣಾಡಿಸಿ, "ಓಣಿ ಹೆಸರು ಬರಿಯೋದು ಬಿಟ್ಟೀರಿ ನೋಡ್ರಿ," ಎಂದರು.

ಮಾವನ ಕೈಯಿಂದ ಲೇಖನಿ ಜಾರಿತು.

"ನಿಂಗೆ ಓದಾಕ ಬರ್ತೈತಾ?"

"ಯಾವಾಗೋ ಬಂತು."

"ಮತ್ತೆ ಯಾಕ ಹೇಳ್ಲಿಲ್ಲ? ನಾ ಎಷ್ಟು ಒದ್ದಾಡಿದೆ!"

ಅತ್ತೆ ತಲೆ ತಗ್ಗಿಸಿದರು. "ಎಲ್ಲಾ ಕಲಿತೆ ಅಂತ ತೋರ್ಸಿದ್ರೆ, ಇನ್ನು ಇವಳ ಚಿಂತಿ ಇಲ್ಲ ಅಂತ ನೀವು ಆರಾಮಾಗಿ ನನ್ನ ಬಿಟ್ಟು ಹೊಂಟುಬಿಡ್ತೀರಿ ಅಂತ ಹೆದರಿಕಿ ಆಗ್ತಿತ್ತು. ಅದಕ್ಕ ದಡ್ಡಿ ಆಗೇ ಇದ್ದೆ."

ಗುಮಾಸ್ತರು ಸುಮ್ಮನೆ ಮುಖ ತಿರುಗಿಸಿಕೊಂಡರು. ಎಲ್ಲರೆದುರು ಹೆಂಡತಿಯ ಪಕ್ಕ ಕೂರಲೂ ನಾಚುತ್ತಿದ್ದ ಮಾವ, ಆ ದಿನ ಅಷ್ಟು ಜನರ ನಡುವೆ ಅತ್ತೆಯ ಕೈ ಹಿಡಿದುಕೊಂಡರು.

"ಸಹಿ ಮಾಡೇ. ನಾ ಎಲ್ಲಿಗೂ ಹೋಗಲ್ಲ."

ಅತ್ತೆ ಕಣ್ಣೊರೆಸಿಕೊಂಡು, ದುಂಡಗೆ, ಒಂದಕ್ಷರವೂ ತಪ್ಪದಂತೆ ಸಹಿ ಹಾಕಿದರು. ಅಷ್ಟು ವರ್ಷ ಕಾದಿದ್ದ ಆ ಸಹಿಯನ್ನು ಮಾವ ನೋಡಲೇ ಇಲ್ಲ, ಅತ್ತೆಯ ಮುಖವನ್ನೇ ನೋಡುತ್ತ ನಿಂತಿದ್ದರು.