ಜಯಲಕ್ಷ್ಮೀ ಮಾಮಿಯ ಕನ್ನಡ

ಎಲ್ಲ ಶುರುವಾದದ್ದು ಹಲ್ಲುಜ್ಜುವಾಗ. ಕೃಷ್ಣಪ್ರಸಾದ ಬಾಯಿತುಂಬ ನೊರೆ ಇಟ್ಟುಕೊಂಡು ಹಿತ್ತಲ ನಲ್ಲಿಯ ಹತ್ತಿರ ನಿಂತಿದ್ದ. ಮನೆಯೊಡತಿ ಜಯಲಕ್ಷ್ಮೀ ಮಾಮಿ ಅಡುಗೆಮನೆಯ ಕಿಟಕಿ ತೆರೆದು ತಮಿಳಿನಲ್ಲಿ ಹೇಳಿದರು:

"ಸಾಯಂಕಾಲಂ ಎಲ್ಲಾರುಂ ವರಾ. ಮೊಟ್ಟೈ ಮಾಡಿ. ಮರಂದುಡಾದೀಂಗೋ."

ಕಿಟಕಿ ಮುಚ್ಚಿಕೊಂಡಿತು.

ಕೃಷ್ಣಪ್ರಸಾದ ನೊರೆ ಉಗುಳಿ ಯೋಚಿಸಿದ. ಸಾಯಂಕಾಲ ಎಲ್ಲರೂ ಬರುತ್ತಾರೆ ಎಂಬುದು ಗೊತ್ತಾಯಿತು. ಕೊನೆಯದು 'ಮರೆಯಬೇಡಿ' ಎಂದಿರಬೇಕು. ನಡುವಿನ ಮಾತಂತೂ ಊರಿನ ಅಂಗಡಿಯಲ್ಲಿ ನಿಂತು ಕೇಳಿದಷ್ಟು ಸ್ಪಷ್ಟವಾಗಿತ್ತು. ಮೊಟ್ಟೆ ಮಾಡಿ.

ಅಷ್ಟು ಸ್ಪಷ್ಟವಾಗಿದ್ದದ್ದೇ ಅವನಿಗೆ ಹೆದರಿಕೆ ಹುಟ್ಟಿಸಿತು. ಈ ಮನೆಗೆ ಬಂದ ದಿನವೇ ಮಾಮಿ ಪಕ್ಕದ ಮನೆಯ ಬೇಬಿ ಅಕ್ಕನ ಮೂಲಕ ತಿಳಿಸಿದ್ದರು: ಮೀನು, ಮಾಂಸ, ಮೊಟ್ಟೆ ಗೇಟು ದಾಟಿ ಒಳಗೆ ಬರಕೂಡದು.

ಕೃಷ್ಣಪ್ರಸಾದ ಕಾರ್ಕಳದವನು. ಮಸ್ಕತ್ತಿನ ಕಾರ್ಮಿಕರ ಕ್ಯಾಂಪೊಂದರಲ್ಲಿ ಬಹಳ ವರ್ಷ ಅಡುಗೆ ಮಾಡಿದ್ದ. ಒಂದು ಬೆಳಿಗ್ಗೆ ಕಂಪನಿ ಬಾಗಿಲು ಹಾಕಿತು. ಪಾಸ್‌ಪೋರ್ಟು ಕೈಗೆ ಕೊಟ್ಟು ವಿಮಾನ ಹತ್ತಿಸಿದರು. ಊರಿಗೆ ಬಂದು, ಹೆಂಡತಿಯ ಅಣ್ಣನ ಮನೆಯ ಜಗಲಿಯಲ್ಲಿ ವರ್ಷಗಟ್ಟಲೆ ಕೂತು, ಅತ್ತಿಗೆ ಪಾತ್ರೆ ಇಡುವ ಸದ್ದಿನಿಂದಲೇ ಆಕೆಯ ಮನಸ್ಸು ಓದುವುದನ್ನು ಕಲಿತ ಮೇಲೆ, ಚೆನ್ನೈನ ಗಿಂಡಿ ಬಡಾವಣೆಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಕೆಲಸ ಸಿಕ್ಕಿತು. ಚೆನ್ನೈ ಅವನಿಗೆ ಮಸ್ಕತ್ತಿಗಿಂತ ದೂರದ ದೇಶ. ಅಲ್ಲಿ ಹಿಂದಿ ನಡೆಯುತ್ತಿತ್ತು, ಮಲಯಾಳ ನಡೆಯುತ್ತಿತ್ತು. ಇಲ್ಲಿ ಬಸ್ಸಿನ ಬೋರ್ಡು ಕೂಡ ಅವನನ್ನು ಕಂಡು ಮುಖ ತಿರುಗಿಸುತ್ತಿತ್ತು.

ತಾಂಬರಂನ ಈ ಮನೆಯ ಹಿಂದಿನ ಒಂಟಿ ಕೋಣೆಯಲ್ಲಿ ಮಾಮಿ ಅವನನ್ನು ಪರೀಕ್ಷೆಗೆ ಇಟ್ಟಿದ್ದರು. ಒಂದನೇ ಮಹಡಿ ಖಾಲಿಯಿತ್ತು. ಬಣ್ಣ ಬಳಿದು, ವಾಸನೆ ಹೋಗಲೆಂದು ಬಾಗಿಲು ತೆರೆದಿಟ್ಟಿದ್ದರು. ಮನುಷ್ಯ ಒಳ್ಳೆಯವನು ಎಂದು ಕಂಡರೆ ಆ ಮಹಡಿ ಅವನಿಗೆ, ಇಲ್ಲದಿದ್ದರೆ ಕೋಣೆಯೂ ಇಲ್ಲ. ಅವನ ಹೆಂಡತಿ ಉಷಾ, ಮಗಳು ನೇಹಾ ಅಂದೇ ರೈಲಿನಲ್ಲಿ ಬರುವವರಿದ್ದರು. "ಮಹಡಿ ಮನೆ ಸಿಕ್ಕಿದೆ" ಎಂದು ಅವನು ಮುಂಚಿತವಾಗಿಯೇ ಫೋನಿನಲ್ಲಿ ಹೇಳಿಬಿಟ್ಟಿದ್ದ. ಅವರನ್ನು ಎದುರುಗೊಳ್ಳಲೆಂದೇ ಹೋಟೆಲಿಗೆ ರಜೆ ಹಾಕಿದ್ದ.

ಖಚಿತ ಮಾಡಿಕೊಳ್ಳಲು ಬೇಬಿ ಅಕ್ಕನ ಬಳಿ ಹೋದ. ಆಕೆ ಮೈಸೂರಿನವರು. ಗಂಡನ ರೈಲ್ವೆ ಕೆಲಸದಿಂದಾಗಿ ಇಲ್ಲಿಗೆ ಬಂದು ನೆಲೆಸಿ, ತಲೆಕೂದಲು ಬೆಳ್ಳಗಾಗುವ ಹೊತ್ತಿಗೆ ಯಾವ ಪದ ಕನ್ನಡ ಯಾವುದು ತಮಿಳು ಎಂಬ ಲೆಕ್ಕ ಬಿಟ್ಟಿದ್ದರು.

"ಅಕ್ಕ, ಸಂಜೆಗೆ ಮೊಟ್ಟೆ ಮಾಡಿ ಅಂದ್ರು ಮಾಮಿ. ನನಗೆ ಸರಿಯಾಗಿ ಕೇಳಿದ್ದಾ ಅಂತ."

"ಆಮಾಪ್ಪ, ಮೊಟ್ಟೈ ಮಾಡಿನೇ. ಪ್ರತಿ ಶನಿವಾರ ಅದೇ ತಾನೇ?"

"ಪ್ರತಿ ಶನಿವಾರವಾ?"

"ಮತ್ತೆ? ಮಳೆ ಬಂದ್ರೆ ಮಾತ್ರ ಇಲ್ಲ."

ಮಳೆಗೂ ಮೊಟ್ಟೆಗೂ ಏನು ಸಂಬಂಧ ಎಂದು ಅವನಿಗೆ ತಿಳಿಯಲಿಲ್ಲ. ಒಂದೊಂದು ಊರಿನಲ್ಲಿ ಒಂದೊಂದು ಪದ್ಧತಿ ಎಂದುಕೊಂಡ.

"ಎಷ್ಟು ಜನಕ್ಕೆ ಆಗ್ಬೇಕು ಅಕ್ಕ?"

"ಮೂವತ್ತು ಜನಕ್ಕೆ ಧಾರಾಳ ಆಗತ್ತೆ. ತೊಳೆಯೋದೇ ರೋದನೆ, ಮೇಲೆಲ್ಲ ಹಕ್ಕಿ ಹಿಕ್ಕೆ."

"ತೊಳೆಯುವುದು ನಾನು ನೋಡಿಕೊಳ್ತೇನೆ. ನನಗೆ ಅಭ್ಯಾಸ ಉಂಟು."

ಬೇಬಿ ಅಕ್ಕನ ಕಣ್ಣು ಅರಳಿತು. "ಎಷ್ಟು ಒಳ್ಳೇ ಮನುಷ್ಯ! ಇರಿ, ಮಾಮಿಗೆ ಹೇಳ್ತೀನಿ. ಕೆಲಸದವಳು ಬೇರೆ ಇವತ್ತು ಬಂದಿಲ್ಲ."

ಬೀದಿಯ ತುದಿಯ ಅಂಗಡಿಯಲ್ಲಿ ಮೊಟ್ಟೆಯ ಟ್ರೇಗಳನ್ನು ಅಂಗಡಿಯವನ ತಲೆಯ ಹಿಂದೆ ಸಾಲಾಗಿ ಪೇರಿಸಿಟ್ಟಿದ್ದರು. ಅಂಗಡಿಯವನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ. ಕೃಷ್ಣಪ್ರಸಾದ ನೇರ ಆ ಕಡೆಗೆ ಬೆರಳು ತೋರಿಸಿ, "ಮೊಟ್ಟೆ! ಮೊಟ್ಟೆ!" ಎಂದ.

ಅಂಗಡಿಯವನು ತಕ್ಕಡಿ ಕೆಳಗಿಟ್ಟ. "ಯಾರೈ ಸೊಲ್ರೇ?" ಯಾರನ್ನು ಅನ್ನುತ್ತಿದ್ದೀಯ ಎಂಬ ಅರ್ಥ ಅವನ ಮುಖದಲ್ಲೇ ಇತ್ತು.

ಕೃಷ್ಣಪ್ರಸಾದ ಇನ್ನಷ್ಟು ವಿನಯದಿಂದ ಎರಡೂ ಕೈಗಳಲ್ಲಿ ದುಂಡಗಿನ ಆಕಾರ ಮಾಡಿ ತೋರಿಸಿದ. ಅದು ತಲೆಯ ಆಕಾರಕ್ಕೇ ಹೆಚ್ಚು ಹತ್ತಿರವಾಯಿತು. ಅಂಗಡಿಯವನು ಗಲ್ಲಾ ಬಿಟ್ಟು ಎದ್ದ. ಪುಣ್ಯಕ್ಕೆ ಅವನ ಕಣ್ಣು ಟ್ರೇಗಳ ಮೇಲೆ ಬಿತ್ತು. ಒಂದು ಮೊಟ್ಟೆಯನ್ನು ಇವನ ಮೂಗಿನ ಹತ್ತಿರ ಹಿಡಿದು "ಮುಟ್ಟೈ!" ಎಂದ. ಮತ್ತೆ ತನ್ನ ಬೋಳುತಲೆಗೆ ಪಟಪಟನೆ ಬಡಿದುಕೊಂಡು "ಮೊಟ್ಟೈ!" ಎಂದ. ದಡ್ಡ ಹುಡುಗನಿಗೆ ಮೇಷ್ಟ್ರು ಹೇಳುವ ಹಾಗೆ ಎರಡು ಸಲ ಹೇಳಿದ.

ಟ್ರೇಗಳನ್ನು ಹಿಡಿದು ನಡೆಯುತ್ತಾ ಕೃಷ್ಣಪ್ರಸಾದನಿಗೆ ಒಂದು ವಿಚಾರ ಹೊಳೆದು ಕಾಲು ನಿಂತಿತು. ತಮಿಳಿನಲ್ಲಿ ಮುಟ್ಟೈ. ಮಾಮಿ ಹಾಗೆ ಅನ್ನಲಿಲ್ಲ. 'ಮೊಟ್ಟೆ' ಎಂದರು, ಮೇಲಿಂದ 'ಮಾಡಿ' ಎಂದರು. ಅಂದರೆ ತನಗೆ ಅರ್ಥವಾಗಲಿ ಎಂದು ಆಕೆ ಕನ್ನಡದಲ್ಲೇ ಹೇಳಿದ್ದಾರೆ! ಇಷ್ಟು ದಿನದಲ್ಲಿ ಈ ಊರಿನವರೊಬ್ಬರು ಅವನ ಮಾತನ್ನು ಆಡಿದ್ದು ಇದೇ ಮೊದಲು. ಈಗ ಹೋಗಿ ಇನ್ನೊಮ್ಮೆ ಕೇಳುವುದು ಆಕೆಗೆ ಅವಮಾನ ಎನಿಸಿತು. ಕ್ಯಾಂಪಿನಲ್ಲೂ ಎಷ್ಟೋ ಜನ ಊರಲ್ಲಿ ಶುದ್ಧ ಸಸ್ಯಾಹಾರಿಗಳಾಗಿದ್ದವರು, "ಮನೆಯಲ್ಲಿ ಹೇಳ್ಬೇಡ ಮಾರಾಯ" ಎಂದು ತಟ್ಟೆ ಒಡ್ಡಿದ್ದರು. ಮಾಮಿಯೂ ಅವರಲ್ಲೊಬ್ಬರು, ಅಷ್ಟೆ.

ಒಂದೊಂದು ಮೊಟ್ಟೆಯನ್ನೂ ಉಜ್ಜಿ ತೊಳೆದ. ಬೇಯಿಸಿ, ಸುಲಿದು, ಈರುಳ್ಳಿ ಕೆಂಪಗೆ ಹುರಿದು, ಕಾಯಿ ಅರೆದು, ಕ್ಯಾಂಪಿನವರು ಬೆರಳು ಚೀಪುತ್ತಿದ್ದ ಮಸಾಲೆ ಮಾಡಿದ. ಪರಿಮಳ ಕೋಣೆ ಬಿಟ್ಟು ಹೊರಟಿತು.

ಬಿಸಿಲು ಇಳಿಯುವ ಹೊತ್ತಿಗೆ ಬೇಬಿ ಅಕ್ಕ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ತಾಳ ಹಿಡಿದು ಕಾಂಪೌಂಡಿನಾಚೆಯಿಂದ ಕೂಗಿದರು. "ಪ್ರಸಾದ್, ರೆಡಿಯಾ? ಭಜನೆ ಶುರುವಾಗತ್ತೆ, ಬೇಗ ಬನ್ನಿ."

"ಯಾವ ಭಜನೆ?"

"ಮಾಮಿ ಮನೆ ಭಜನೆನಪ್ಪ! ಅದಕ್ಕೇ ತಾನೇ ಎಲ್ಲರೂ ಬರೋದು?"

ಆಕೆ ಹೊರಟುಹೋದರು. ಕೃಷ್ಣಪ್ರಸಾದನ ಕೈಯಲ್ಲಿದ್ದ ಸೌಟು ನಿಂತಿತು. ಕದ್ದು ಮೊಟ್ಟೆ ತಿನ್ನುವವರನ್ನು ಅವನು ಕಂಡಿದ್ದ. ಭಜನೆ ಮಾಡುತ್ತಾ ಮೊಟ್ಟೆ ತಿನ್ನುವವರನ್ನು ಯಾವ ದೇಶದಲ್ಲೂ ಕಂಡಿರಲಿಲ್ಲ. ಎಲ್ಲೋ ಏನೋ ತಪ್ಪಿದೆ. ಎಲ್ಲಿ ಎಂದು ಆಮೇಲೆ ಹುಡುಕಬಹುದು. ಮೊದಲು ಈ ಪಾತ್ರೆ ಮಾಯವಾಗಬೇಕು. ಕೋಣೆಯಲ್ಲಿಟ್ಟರೆ ವಾಸನೆ ಮಾಮಿಯ ಕಿಟಕಿಗೇ ಬಡಿಯುತ್ತದೆ. ಗೇಟಿನ ಹತ್ತಿರ ಆಗಲೇ ಜನ ಚಪ್ಪಲಿ ಬಿಡುತ್ತಿದ್ದರು. ಉಳಿದದ್ದು ಹಿತ್ತಲ ಕಬ್ಬಿಣದ ಮೆಟ್ಟಿಲು. ಅದು ಒಂದನೇ ಮಹಡಿ ದಾಟಿ ನೇರ ಮನೆಯ ನೆತ್ತಿಗೆ ಹೋಗುತ್ತಿತ್ತು. ಅಲ್ಲಿ ಕಾಗೆ, ನೀರಿನ ಟ್ಯಾಂಕು ಬಿಟ್ಟರೆ ಇನ್ಯಾರಿರುತ್ತಾರೆ?

ಪಾತ್ರೆಗೆ ಮುಚ್ಚಳ ಬಿಗಿದು, ಹೆಗಲಿಗೇರಿಸಿ, ಕಳ್ಳನ ಹಾಗೆ ಮೆಟ್ಟಿಲು ಹತ್ತಿದ. ಮೇಲೆ ತಲೆ ಹಾಕಿದಾಗ ಮೊದಲು ಕಂಡದ್ದು ಒಂದು ದೊಡ್ಡ ಪಟದ ಬೆನ್ನು. ಅದರ ಪಕ್ಕದಲ್ಲಿ ಹೆಜ್ಜೆಯಿಟ್ಟ. ಎದುರಿಗೆ, ಮನೆಯೊಳಗಿನ ಮೆಟ್ಟಿಲು ಹತ್ತಿಬಂದ ಮೂವತ್ತು ಜನ ಜಮಖಾನದ ಮೇಲೆ ಕೈಮುಗಿದು ಕೂತಿದ್ದರು. ದೇವರ ಪಟದ ಹಿಂದಿನಿಂದ ಪಾತ್ರೆ ಹೊತ್ತು ಮೂಡಿಬಂದ ಮನುಷ್ಯನನ್ನು ನೋಡಿ ಹಾರ್ಮೋನಿಯಂ ಒಂದೇ ಸ್ವರದಲ್ಲಿ ನಿಂತುಬಿಟ್ಟಿತು.

"ಅಡಡಾ!" ಜಯಲಕ್ಷ್ಮೀ ಮಾಮಿ ಎದ್ದರು. "ಪಾರುಂಗೋ, ಪ್ರಸಾದ್ ಪ್ರಸಾದಂ ಕೊಂಡುವಂದಿರುಕ್ಕಾರ್!"

ಎಲ್ಲರೂ ಮೆಚ್ಚಿ ತಲೆದೂಗಿದರು. ಇಬ್ಬರು ಎದ್ದು ಬಂದು ಪಾತ್ರೆಯನ್ನು ಅವನ ಹೆಗಲಿನಿಂದ ಇಳಿಸಿ ಪಟದ ಮುಂದೆ ಇಟ್ಟೇಬಿಟ್ಟರು. ಕೃಷ್ಣಪ್ರಸಾದ ಬಾಯಿ ತೆರೆದ. ಮಸ್ಕತ್ತಿನ ನಾಲ್ಕು ಅರಬ್ಬಿ ಪದ ಬಿಟ್ಟು ಬೇರೇನೂ ಬರಲಿಲ್ಲ.

ಬೇಬಿ ಅಕ್ಕ ಮಾತ್ರ ಸಿಟ್ಟಿನಲ್ಲಿದ್ದರು. "ಅದಿರಲಿ, ಬೆಳಿಗ್ಗೆ ತೊಳೀತೀನಿ ಅಂದ್ರಲ್ಲ, ತೊಳೆದ್ರಾ?"

"ತೊಳೆದೆ ಅಕ್ಕ."

"ಪೊಯ್ ಹೇಳ್ಬೇಡಿ! ನೋಡಿ, ಹಿಕ್ಕೆ ಹಂಗೇ ಇದೆ. ಅದರ ಮೇಲೇ ಜಮಖಾನ ಹಾಸಿದೀವಿ."

"ದೇವರಾಣೆ ಅಕ್ಕ, ಒಂದೊಂದನ್ನೂ ಕೈಯಲ್ಲಿ ಹಿಡಿದು ತೊಳೆದೆ. ಆಮೇಲೇ ಬೇಯಿಸಿದ್ದು."

"ಏನನ್ನ ಬೇಯಿಸಿದ್ದು?"

ಅಷ್ಟರಲ್ಲಿ ಮಾಮಿ ಮುಚ್ಚಳ ತೆಗೆದರು.

ಮುಂದಿನ ಸಾಲಿನ ಮುದುಕರೊಬ್ಬರು ನಿಧಾನವಾಗಿ ಜಮಖಾನ ಸಮೇತ ಹಿಂದಕ್ಕೆ ಸರಿದರು. ಕೃಷ್ಣಪ್ರಸಾದ ಬೇಬಿ ಅಕ್ಕನ ಕಡೆ ತಿರುಗಿ ಅಳುದನಿಯಲ್ಲಿ ಹೇಳಿದ: "ಅವರೇ ಹೇಳಿದ್ದಲ್ವಾ, ಮೊಟ್ಟೆ ಮಾಡಿ ಅಂತ. ನೀವೂ ಹೌದು ಅಂದ್ರಿ!"

ಬೇಬಿ ಅಕ್ಕ ಹಣೆ ಬಡಿದುಕೊಂಡರು. "ಅಯ್ಯೋ ಕಡವುಳೇ! ಮೊಟ್ಟೈ ಅಂದ್ರೆ ಬೋಳು. ಮಾಡಿ ಅಂದ್ರೆ ಮಹಡಿ. ಸೂರಿಲ್ಲದ ಬೋಳು ಮಹಡಿ!" ಕಾಲಿನಿಂದ ನೆಲ ಕುಟ್ಟಿದರು. "ನೀವು ನಿಂತಿದೀರಲ್ಲ, ಇದೇ ಮೊಟ್ಟೈ ಮಾಡಿ!"

ಆಕೆ ಅದನ್ನು ತಮಿಳಿನಲ್ಲಿ ಎಲ್ಲರಿಗೂ ವಿವರಿಸಿದಾಗ ಹಾರ್ಮೋನಿಯಂನವನು ನಕ್ಕ. ಹಿಂದಿನ ಸಾಲಿನಲ್ಲಿ ಒಂದಿಬ್ಬರು ಸೆರಗು ಬಾಯಿಗಿಟ್ಟುಕೊಂಡರು. ಮಾಮಿ ನಗಲಿಲ್ಲ. ದೇವರ ಪಟವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕೆಳಗಿಳಿದರು.

ಪಾತ್ರೆ ಬೀದಿಯಾಚೆಯ ಕಟ್ಟಡ ಕೆಲಸದವರ ಶೆಡ್ಡಿಗೆ ಹೋಯಿತು. ಅವರು ಯಾವ ಭಾಷೆಯಲ್ಲೂ ಪ್ರಶ್ನೆ ಕೇಳದೆ ತಿಂದರು.

"ಮಾಮಿಗೆ ತುಂಬ ಬೇಜಾರಾಗಿದೆ," ಎಂದರು ಬೇಬಿ ಅಕ್ಕ. "ಇರಿ, ನಾನು ಮಾತಾಡಿ ನೋಡ್ತೀನಿ." ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕೃಷ್ಣಪ್ರಸಾದ ಹೊರಗೆ ನಿಂತ. ಉಷಾಳ ಫೋನು ಬಂತು. ಲೋಕಲ್ ರೈಲು ಹತ್ತಿದ್ದಾರಂತೆ. ಒಳಗಿನಿಂದ ಇಬ್ಬರು ಹೆಂಗಸರ ದನಿ, ಶಾಲೆಯಲ್ಲಿ ಮಗ್ಗಿ ಹೇಳಿಸುವ ಹಾಗೆ, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವಂತೆ ಕೇಳುತ್ತಿತ್ತು. ಬೇಬಿ ಅಕ್ಕ ನನಗಾಗಿ ಎಷ್ಟು ಬೇಡಿಕೊಳ್ಳುತ್ತಿದ್ದಾರೆ ಎಂದು ಅವನಿಗೆ ಕೃತಜ್ಞತೆ ಉಕ್ಕಿತು.

ಬಾಗಿಲು ತೆರೆಯಿತು. ಜಯಲಕ್ಷ್ಮೀ ಮಾಮಿ ಹೊಸ್ತಿಲಲ್ಲಿ ನಿಂತು, ಕೈಮುಗಿದು, ಒಂದೊಂದೇ ಪದ ಜೋಪಾನವಾಗಿ ಇಳಿಸಿದರು:

"ಮನೆ... ಖಾಲಿ... ಮಾಡಿ."

ಕೃಷ್ಣಪ್ರಸಾದ ಮೊದಲು ಅದನ್ನು ಕನ್ನಡವೆಂದೇ ಕೇಳಿಸಿಕೊಂಡ. ಆದರೆ ಅವನು ಈಗ ಬೆಳಗಿನ ದಡ್ಡನಲ್ಲ. ಮಾಮಿಗೆ ಕನ್ನಡದ ಒಂದಕ್ಷರವೂ ಬರುವುದಿಲ್ಲ ಎಂಬುದು ಮೂವತ್ತು ಜನರ ಎದುರು ಸಾಬೀತಾಗಿತ್ತು. ಆಕೆ ಆಡಿದ್ದೆಲ್ಲ ತಮಿಳು. ತಮಿಳಿನಲ್ಲಿ ಮಾಡಿ ಅಂದರೆ ಮಹಡಿ. ಖಾಲಿ ಮಾಡಿ ಅಂದರೆ ಖಾಲಿ ಮಹಡಿ. ನಿನ್ನ ಮನೆ, ಆ ಖಾಲಿ ಮಹಡಿ!

ಅವನು ಅಲ್ಲೇ ಬಾಗಿ ಮಾಮಿಯ ಕಾಲು ಮುಟ್ಟಿದ. ಮಾಮಿ ಗಾಬರಿಯಾದರು. ಬಾಡಿಗೆದಾರರನ್ನು ಬಿಡಿಸಿದ್ದು ಇದೇ ಮೊದಲೇನಲ್ಲ. ಆದರೆ ಹೀಗೆ ಆನಂದಬಾಷ್ಪ ಸುರಿಸಿದವನನ್ನು ಅವರು ಕಂಡಿರಲಿಲ್ಲ.

ಸ್ಟೇಷನ್ನಿಗೆ ಓಡಿ ಹೆಂಡತಿ ಮಗಳನ್ನು ಕರೆತಂದ. ಕೋಣೆಯಲ್ಲಿದ್ದ ಪೆಟ್ಟಿಗೆ, ಹಾಸಿಗೆ, ಸ್ಟೌವು ಎಲ್ಲ ಮಹಡಿಗೆ ಏರಿಸಿದ. ನೇಹಾ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಿ, "ಅಪ್ಪ, ಇಲ್ಲಿ ನಂಗೇ ಬೇರೆ ರೂಮುಂಟಾ?" ಎಂದಳು. ಉಷಾ ಗೋಡೆಯನ್ನು ಕೈಯಿಂದ ಸವರಿದಳು. ಹಾಲುಕ್ಕಿಸಬೇಕೆಂದು ಪಾತ್ರೆಯಿಟ್ಟಳು.

ಹಾಲು ಕಾಯುತ್ತಿರುವಾಗ ಮಾಮಿ ಮತ್ತು ಬೇಬಿ ಅಕ್ಕ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತರು.

"ಏನಿದು ಪ್ರಸಾದ್?" ಎಂದರು ಬೇಬಿ ಅಕ್ಕ.

"ಮಾಮಿಯೇ ಹೇಳಿದ್ರಲ್ಲ ಅಕ್ಕ. ಖಾಲಿ ಮಾಡಿ ಅಂತ."

ಮಾಮಿ ನೊಂದು ಬೇಬಿ ಅಕ್ಕನನ್ನು ನೋಡಿದರು. "ನಾನ್ ಸರಿಯಾ ತಾನೇ ಸೊನ್ನೇನ್?"

"ಸರಿಯಾಗೇ ಹೇಳಿದ್ರಿ ಮಾಮಿ, ಅಚ್ಚ ಕನ್ನಡ," ಎಂದ ಬೇಬಿ ಅಕ್ಕ ಇವನತ್ತ ತಿರುಗಿದರು. "ತಮಿಳಲ್ಲಿ ಹೇಳಿದ್ರೆ ನೀವು ಇನ್ನೇನಾದ್ರೂ ಬೇಯಿಸಿಬಿಡ್ತೀರಿ ಅಂತ ಅವರಿಗೆ ಭಯ. ಅದಕ್ಕೇ ನನ್ನ ಕೂರಿಸಿಕೊಂಡು ಕನ್ನಡದಲ್ಲಿ ಕಲಿತ್ರು."

ಹಾಲು ಉಕ್ಕಿ ಸ್ಟೌವಿನ ಮೇಲೆಲ್ಲ ಹರಿಯಿತು. ಉಷಾ ಸ್ಟೌವು ಆರಿಸಿ ಗಂಡನ ಮುಖ ನೋಡಿದಳು.

"ಖಾಲಿ ಮಾಡಿ ಅಂದ್ರೆ ಖಾಲಿ ಮಾಡಿ ಅಂತಲೇ ಅಲ್ವಾ? ಅದ್ರಲ್ಲಿ ಅರ್ಥ ಆಗದೆ ಇರ್ಲಿಕ್ಕೆ ಎಂತ ಉಂಟು?"

ಅವಳಿಗೆ ಒಂದೇ ಸಲಕ್ಕೆ ಅರ್ಥವಾದದ್ದು ಮಾಮಿಯ ಕಣ್ಣಿನಿಂದ ತಪ್ಪಿಸಿಕೊಳ್ಳಲಿಲ್ಲ. ಸಂಜೆಯಿಂದ ಬಾಡಿದ್ದ ಅವರ ಮುಖ ಗೆಲುವಾಯಿತು. ಅವರು ಒಂದು ಹೆಜ್ಜೆ ಮುಂದೆ ಬಂದು, ಉಷಾಳಿಗೆ ಕೈಮುಗಿದು, ಈ ಸಲ ಎಲ್ಲಿಯೂ ತಡವರಿಸದೆ ಹೇಳಿದರು:

"ಮನೆ ಖಾಲಿ ಮಾಡಿ."